ಮೂವತ್ನಾಲ್ಕು ಮಾರ್ಕಿನ ಹಳದಿ ಛತ್ರಿ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಈ ನಿಯಮ ಮಾಡಿದವರಿಗೆ ನಮ್ಮ ಫಿಜಿಕ್ಸ್ ಸರ್ ಪರಿಚಯ ಇರಲಿಲ್ಲ. ಇದ್ದಿದ್ದರೆ ಆ ನಿಯಮಕ್ಕೂ ನೂರಕ್ಕೆ ಮೂವತ್ನಾಲ್ಕು ಬಿದ್ದು, ಅದು ಅಕ್ಟೋಬರ್ ಪರೀಕ್ಷೆಗೆ ಮತ್ತೆ ಫೀ ಕಟ್ಟಬೇಕಾಗುತ್ತಿತ್ತು.

ಮೊನ್ನೆ ಇಳಕಲ್ಲಿನ ನಮ್ಮ ಕಾಲೇಜಿನಲ್ಲಿ ಅವರ ಸಂತಾಪ ಸಭೆ ನಡೆಯಿತು. ಅವರ ಕೈಯಲ್ಲಿ ಫೇಲಾದವರೇ ಈಗ ಊರಿನ ದೊಡ್ಡ ಮನುಷ್ಯರಾದ್ದರಿಂದ ವೇದಿಕೆ ತುಂಬಿತ್ತು. ಒಬ್ಬೊಬ್ಬರೂ ಎದ್ದು ನಿಂತು, ಸರ್ ಎಂಥ ನಿಷ್ಠುರರು, ಒಮ್ಮೆ ಹಾಕಿದ ಮಾರ್ಕನ್ನು ಪ್ರಾಣ ಹೋದರೂ ತಿದ್ದುತ್ತಿರಲಿಲ್ಲ ಎಂದು ಕಣ್ಣೊರೆಸಿಕೊಂಡರು. ಪ್ರಾಣ ಹೋಗಿತ್ತಾದ್ದರಿಂದ ಆ ಮಾತನ್ನು ಪರೀಕ್ಷಿಸುವ ಹಾಗಿರಲಿಲ್ಲ. ಆ ನಿಷ್ಠುರ ಮನುಷ್ಯ ಸೋತದ್ದನ್ನು ಒಮ್ಮೆ ನಾನು ಕಣ್ಣಾರೆ ಕಂಡಿದ್ದೇನೆ. ಹೇಳೋಣವೆಂದು ಎದ್ದೆ. ಅಷ್ಟರಲ್ಲಿ ಚಹಾ ಬಂತು, ಸಭೆ ಮುಗಿಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹುಡುಗರು ಅವರನ್ನು ಕರೆಯುತ್ತಿದ್ದದ್ದೇ ‘ಮೂವತ್ನಾಕ್ ಸರ್’ ಎಂದು. ಪಾಸಾಗಲು ಮೂವತ್ತೈದು ಬೇಕು. ಸರ್ ಧಾರಾಳವಾಗಿ ಮೂವತ್ನಾಲ್ಕು ಕೊಡುತ್ತಿದ್ದರು. ಇಪ್ಪತ್ತು ಬಂದವನು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗುತ್ತಾನೆ, ಮೂವತ್ನಾಲ್ಕು ಬಂದವನಿಗೆ ಜನ್ಮವೆಲ್ಲ ನಿದ್ದೆ ಬರುವುದಿಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲವೋ, ಚೆನ್ನಾಗಿ ಗೊತ್ತಿತ್ತೋ. ಒಮ್ಮೆ ಕಂದಗಲ್ ಕಡೆಯ ಒಬ್ಬ ಹಿರಿಯರು ಮಗನ ಸಲುವಾಗಿ ಸ್ಟಾಫ್ ರೂಮಿಗೆ ಬಂದು ಕೈ ಮುಗಿದರು.

“ಒಂದ ಮಾರ್ಕ್ರಿ ಸರ್. ಬರೇ ಒಂದು.”

ಸರ್ ಕನ್ನಡಕ ತೆಗೆದರು. “ಒಂದ ಮಾರ್ಕ ಸಣ್ಣದು ಅಂತ ನಿಮಗ ಅನಿಸಿದ್ರ ಅದನ್ನ ಬಿಟ್ಟಬಿಡ್ರಿ. ದೊಡ್ಡದು ಅನಿಸಿದ್ರ, ಅಷ್ಟ ದೊಡ್ಡದನ್ನ ನಾ ಹ್ಯಾಂಗ ಪುಕ್ಕಟ ಕೊಡ್ಲಿ?”

ಹಿರಿಯರು ಉತ್ತರ ಹುಡುಕುತ್ತ ಹೊರಗೆ ಹೋದರು. ಇವತ್ತಿಗೂ ಹುಡುಕುತ್ತಿರಬೇಕು.

ಉತ್ತರಪತ್ರಿಕೆ ಇಲ್ಲದಾಗಲೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಮಠದ ಸ್ವಾಮಿಗಳ ಆಶೀರ್ವಚನಕ್ಕೆ ನಲವತ್ತೊಂದು, ಹುನಗುಂದದ ಬಸ್ಸಿನ ಡ್ರೈವರನಿಗೆ ಐವತ್ತು, ನನ್ನ ಮದುವೆಯ ಊಟಕ್ಕೆ ಸೆಕೆಂಡ್ ಕ್ಲಾಸು. ಅವರ ಮನೆಯವರನ್ನು ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ವೈನಿಯವರು ಮಾಡಿದ ಕಡಲೆಹಿಟ್ಟಿನ ಝುಣಕಕ್ಕೆ ಒಮ್ಮೆ ಐವತ್ತೆಂಟು ಬಂತು. ಮರುದಿನ ತಾಟಿನಲ್ಲಿ ಬರಿಯ ರೊಟ್ಟಿ. “ಪೇಪರ ಸಿಗದಿದ್ರ ಮಾರ್ಕ ಹ್ಯಾಂಗ ಹಾಕ್ತಾರ ನೋಡೂಣು ಅಂತ” ಎಂದು ವೈನಿ ನನಗೆ ಹೇಳಿದರು. ಸರ್ ಆ ರೊಟ್ಟಿಗೂ ಮಾರ್ಕು ಹಾಕಿ ತಿಂದರು.

ಇಂಥವರ ಕೈಗೆ ವಿಲಾಯತಿಯ ಒಬ್ಬ ರಾಕ್ ಗಾಯಕ ಸಿಕ್ಕಿಬಿದ್ದ. ಪಾಪ, ಅವನಿಗೆ ಇದು ಗೊತ್ತೇ ಇರಲಿಲ್ಲ. ಲಕ್ಷಾಂತರ ಜನ ಅವನ ಗಿಟಾರಿಗೆ ತಲೆ ಕುಣಿಸುತ್ತಿದ್ದ ಎಪ್ಪತ್ತರ ದಶಕದಲ್ಲಿ, ಇಳಕಲ್ಲಿನ ಒಂದು ಬಾಡಿಗೆ ಮನೆಯಲ್ಲಿ ತನ್ನ ಹಾಡಿನ ಪ್ಲೇಟುಗಳೆಲ್ಲ ಮೌಲ್ಯಮಾಪನಕ್ಕೆ ಕೂತಿವೆ, ಎರಡು ಆಗಲೇ ಡುಮ್ಕಿ ಹೊಡೆದಿವೆ ಎಂದು ತಿಳಿದಿದ್ದರೆ ಅವನು ಹಾಡುವುದನ್ನು ಬಿಟ್ಟು ಬೇರೆ ಉದ್ಯೋಗ ನೋಡಿಕೊಳ್ಳುತ್ತಿದ್ದ.

ಆ ಗಾಯಕನನ್ನು ಮನೆಗೆ ತಂದವನು ಸರ್ ಅವರ ಒಬ್ಬನೇ ತಮ್ಮ. ಮುಂಬಯಿಯಲ್ಲಿ ಫೋಟೋ ತೆಗೆಯುವುದನ್ನು ಕಲಿತು ಬಂದು ಬಾದಾಮಿಯಲ್ಲಿ ಸ್ಟುಡಿಯೋ ಇಟ್ಟಿದ್ದ. ಗವಿ ನೋಡಲು ಬಂದವರ ಫೋಟೋ ತೆಗೆಯುವುದು, ಎರಡು ಮೂರು ತಿಂಗಳಿಗೊಮ್ಮೆ ರೋಲು ತರಲು ಮುಂಬಯಿಗೆ ಹೋಗುವುದು, ಹೋದಾಗ ಫುಟ್‌ಪಾತಿನ ಅಂಗಡಿಯಲ್ಲಿ ಆ ಗಾಯಕನ ಪ್ಲೇಟು ಹುಡುಕುವುದು, ಇಷ್ಟೇ ಅವನ ಜೀವನ. ಅಣ್ಣನೆಂದರೆ ಅವನಿಗೆ ಜೀವ. ತನ್ನ ಹತ್ತಿರ ಇರುವಂಥದೇ ಒಂದು ರಿಕಾರ್ಡ್ ಪ್ಲೇಯರನ್ನು ಅಣ್ಣನಿಗೂ ತಂದುಕೊಟ್ಟ. ಪ್ಲೇಟು ಸಿಕ್ಕಾಗಲೆಲ್ಲ ತಾನು ನಾಲ್ಕು ದಿನ ಕೇಳಿ, ರಟ್ಟಿನಲ್ಲಿ ಕಟ್ಟಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಇಳಕಲ್ಲಿಗೆ ಕಳಿಸುತ್ತಿದ್ದ. ಅಣ್ಣ ಕೇಳಿ ಖುಷಿಪಡಲಿ ಎಂದು ಅವನ ಆಸೆ. ಅಣ್ಣ ಕೆಂಪು ಪೆನ್ನು ತೆಗೆದ.

ಮೌಲ್ಯಮಾಪನ ನಡೆಯುತ್ತಿದ್ದದ್ದು ಧಾರವಾಡದ ಯುನಿವರ್ಸಿಟಿಯಲ್ಲಿ ನಡೆಯುವ ಕ್ರಮದಲ್ಲೇ. ಪ್ಲೇಟಿನ ಹೊದಿಕೆಗೆ ವೃತ್ತಪತ್ರಿಕೆ ಸುತ್ತಿ, ಮೇಲೆ ಕೋಡ್ ನಂಬರು ಬರೆಯುವ ಕೆಲಸ ವೈನಿಯದು. ಯಾವ ಪ್ಲೇಟೆಂದು ಪರೀಕ್ಷಕರಿಗೆ ತಿಳಿಯಬಾರದಲ್ಲ. ಎಲ್ಲದರಲ್ಲೂ ಹಾಡುವವನು ಅದೇ ಆಸಾಮಿ ಎನ್ನುವುದು ಬೇರೆ ಮಾತು. ಸರ್ ಮೊದಲನೆಯ ಪರೀಕ್ಷಕರು, ನಾನು ಎರಡನೆಯವನು. ನಾನು ಕನ್ನಡ ಕಲಿಸುವವನು. ಇಂಗ್ಲಿಷ್ ಹಾಡು ನನಗೆ ತಿಳಿಯುವುದಿಲ್ಲ ಎಂದು ಹೇಳಿ ನೋಡಿದೆ. “ತಿಳೀದಿದ್ರ ಛಲೋ ಆತು, ಪಕ್ಷಪಾತ ಇರೂದಿಲ್ಲ” ಎಂದರು.

ಕಾಲೇಜು ಬಿಟ್ಟ ಮೇಲೆ, ಸಂಜೆ, ಅವರ ಮನೆಯ ಪಡಸಾಲೆಯಲ್ಲಿ ಕೂರುತ್ತಿದ್ದೆವು. ಓಣಿಯ ತುಂಬ ಪವರ್‌ಲೂಮುಗಳು ಖಟಾಖಟ್ ಬಡಿದುಕೊಳ್ಳುತ್ತಿದ್ದವು. ತಲೆಯ ಮೇಲಿನ ಬಲ್ಬು ಒಲೆಯ ಕೆಂಡದಷ್ಟು ಕೆಂಪಗೆ ಉರಿಯುತ್ತಿತ್ತು. ಆ ಮಬ್ಬಿನಲ್ಲಿ ಪ್ಲೇಟು ತಿರುಗತೊಡಗಿದರೆ, ಕಾಳು ತುಂಬುವ ಹಗೇವಿನ ತಳದಿಂದ ಎದ್ದು ಬಂದಂಥ ದಪ್ಪ ದನಿ. ಒಂದೊಂದು ಶಬ್ದವೂ ಹೊರೆ ಹೊತ್ತ ಎತ್ತಿನ ಹಾಗೆ ನಿಂತು ನಿಂತು ಬರುತ್ತಿತ್ತು. ರಾಕ್ ಎಂದರೆ ಕಲ್ಲು. ನಮ್ಮೂರಿನವರಿಗೆ ಕಲ್ಲು ಹೊಸದಲ್ಲ. ಕಲ್ಲು ಹೀಗೇ ಉರುಳುತ್ತಿರಬೇಕು ಎಂದುಕೊಂಡು ನಾನು ತಲೆದೂಗುತ್ತಿದ್ದೆ.

“ಏನ್ ಗಾಂಭೀರ್ಯ ನೋಡ್ರಿ” ಎನ್ನುತ್ತಿದ್ದರು ಸರ್. “ಈ ಮನಶ್ಯಾಗ ಲಗೂಬಗಿ ಅನ್ನೂದ ಇಲ್ಲ.”

ಖಾಲಿ ಕುರ್ಚಿಯ ಚಿತ್ರವಿದ್ದ ಪ್ಲೇಟಿಗೆ ಎಂಬತ್ತೊಂದು ಮಾರ್ಕು ಬಂದು ಗೋಲ್ಡ್ ಮೆಡಲ್ ಆಯಿತು. ಒಂಟೆಯದು ಎರಡನೆಯ ರ‍್ಯಾಂಕು. ಗಾಯಕನ ಮೊಟ್ಟಮೊದಲ ಪ್ಲೇಟು, ಲೋಕವೆಲ್ಲ ಹೊಗಳಿದ್ದು, ಥರ್ಡ್ ಕ್ಲಾಸಿನಲ್ಲಿ ಪಾಸಾಯಿತು. ಪ್ರತಿ ಮೇ ತಿಂಗಳು ಧಾರವಾಡದಿಂದ ನಿಜವಾದ ಪೇಪರುಗಳನ್ನು ನೋಡಿ ಬಂದ ಮೇಲೆ ಈ ಪ್ಲೇಟುಗಳ ಮರುಮೌಲ್ಯಮಾಪನ. ಅಂದರೆ ಎಲ್ಲವನ್ನೂ ಮತ್ತೆ ಕೇಳಿ, ಹಿಂದಿನ ಮಾರ್ಕೇ ಸರಿ ಎಂದು ಘೋಷಿಸುವುದು. ಫಲಿತಾಂಶವನ್ನು ಕಾರ್ಡಿನಲ್ಲಿ ಬರೆದು ತಮ್ಮನಿಗೆ ಕಳಿಸುತ್ತಿದ್ದರು. ತಮ್ಮ ಒಮ್ಮೆಯೂ ವಾದ ಮಾಡಿದವನಲ್ಲ. ಅಣ್ಣ ಕೇಳುತ್ತಾನಲ್ಲ, ಅಷ್ಟೇ ಅವನಿಗೆ ಸಾಕಾಗಿತ್ತು.

ಆಮೇಲೆ ಹಳದಿ ಛತ್ರಿಯ ಪ್ಲೇಟು ಬಂತು.

ತಮ್ಮನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಕೊನೆಗೆ ಹೆಣ್ಣುಮಗು ಹುಟ್ಟಿತು. ಅದೇ ದಿನಗಳಲ್ಲಿ ಸಿಕ್ಕ ಪ್ಲೇಟು ಅದು. ಹೊದಿಕೆಯ ಮೇಲೆ ಬಿಸಿಲಿನಲ್ಲಿ ಹಳದಿ ಛತ್ರಿ ಹಿಡಿದು ನಿಂತ ಗಾಯಕ. ಜೊತೆಗೆ ತಮ್ಮನ ಚೀಟಿ: ಅಣ್ಣಾ, ಇದನ್ನ ಹಚ್ಚಿ ಕೂಸನ್ನ ಎತ್ತಿಕೊಂಡು ದಿನಾ ಕುಣೀತೇನಿ, ನೀನೂ ಕೇಳಿ ತಿರುಗಿ ಕಳಸು, ಆಮ್ಯಾಲ ವೈನಿನ್ನ ಕರಕೊಂಡು ಕೂಸು ನೋಡಾಕ ಬಾ. ಸರ್ ಚೀಟಿ ಓದಿದರು, ಸಂಜೆ ಪ್ಲೇಟು ಹಚ್ಚಿದರು. ಅದು ಎಳೆಯಿತು, ಎಳೆಯಿತು, ಕುಂಟಿತು, ನರಳಿತು. ಕುಣಿಯುವುದಿರಲಿ, ಆ ಹಾಡಿಗೆ ಎದ್ದು ನಿಲ್ಲುವುದೇ ಕಷ್ಟವಿತ್ತು. ನಾನೂ ಒಪ್ಪಿದೆ. ಸರ್ ಹೊದಿಕೆಯ ಮೇಲೇ ಕೆಂಪು ಶಾಯಿಯಲ್ಲಿ ‘೩೪’ ಎಂದು ಬರೆದು, ಕೆಳಗೆ ಪರೀಕ್ಷಕರ ಅಭಿಪ್ರಾಯ ಸೇರಿಸಿದರು: ಹೆಣದ ಮೆರವಣಿಗೆಗೆ ಯೋಗ್ಯ.

“ಬ್ಯಾಡ್ರಿ ಸರ್, ಬಾಣಂತಿ ಮನಿ ಅದು” ಎಂದೆ.

“ಮಾರ್ಕ ಹಾಕೂಮುಂದ ಬಾಣಂತಿ, ಮದಮಗ ಅಂತ ನೋಡಿದ್ರ ಯುನಿವರ್ಸಿಟಿ ನಡೀತದೇನ್ರಿ?”

ಪ್ಲೇಟು ಕಂಡಕ್ಟರನ ಕೈಯಲ್ಲಿ ಬಾದಾಮಿಗೆ ವಾಪಸು ಹೋಯಿತು. ತೊಟ್ಟಿಲ ಮನೆಯಲ್ಲಿ ಆ ಅಕ್ಷರ ಓದಿದವರಿಗೆ ಏನಾಗಿರಬೇಕು. ಮತ್ತೆ ಪ್ಲೇಟು ಬರಲಿಲ್ಲ, ಚೀಟಿ ಬರಲಿಲ್ಲ, ಹೆಸರಿಡುವುದಕ್ಕೆ ಕರೆಯೂ ಬರಲಿಲ್ಲ. ಸರ್‌ಗೆ ಮಕ್ಕಳಿರಲಿಲ್ಲ, ಆ ಮನೆತನಕ್ಕೆಲ್ಲ ಅದೊಂದೇ ಕೂಸು. ವೈನಿ ಕೂಸಿಗೆಂದು ಹೊಲಿದ ಕೌದಿ ಟ್ರಂಕಿನಲ್ಲಿಯೇ ಉಳಿಯಿತು. ವರ್ಷಗಳು ಕಳೆದವು. ಹುನಗುಂದದಲ್ಲಿ ತಾಯಿ ತೀರಿಕೊಂಡಾಗ ಅಣ್ಣ ತಮ್ಮ ಒಂದೇ ಕಟ್ಟೆಯ ಎರಡು ತುದಿಗೆ ಕೂತರು. ಮಾತಿಲ್ಲ. ಸರ್ ನನ್ನ ಹತ್ತಿರ ಆ ವಿಷಯ ಎತ್ತಿದ್ದು ಒಂದೇ ಸಲ: “ಕೂಸು ನಮ್ಮವ್ವನ್ಹಂಗ ಐತಂತ. ನಾ ಏನ ನೋಡೀನಿ.” ಆದರೆ ಮಾರ್ಕು ತಪ್ಪಾಗಿತ್ತು ಎನ್ನುವ ಅನುಮಾನ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಎಂಬತ್ತರ ದಶಕದ ಒಂದು ಚಳಿಗಾಲ ಹುಡುಗರನ್ನು ಕರೆದುಕೊಂಡು ಬಾದಾಮಿಗೆ ಟ್ರಿಪ್ಪು ಹೋಗಿದ್ದೆ. ಗುಂಪಿನ ಫೋಟೋ ತೆಗೆಯಲು ಬಂದವನು ಅದೇ ತಮ್ಮ. ನನ್ನ ಗುರುತು ಹಿಡಿದು ಸ್ಟುಡಿಯೋಕ್ಕೆ ಕರೆದೊಯ್ದು ಚಹಾ ತರಿಸಿದ. ಒಂದು ಮೂಲೆಯಲ್ಲಿ ಪ್ಲೇಯರು ಹಾಡುತ್ತಿತ್ತು. ಯಾವನೋ ತೆಳು ದನಿಯ ಹುಡುಗ, ಬಿಸಿಲಿಗೆ ಬಿಟ್ಟ ಕರುವಿನ ಹಾಗೆ ಜಿಗಿಯುತ್ತ ಹಾಡುತ್ತಿದ್ದ.

“ಇವ ಯಾರ್ರಿ? ಛಲೋ ಹಾಡ್ತಾನ” ಎಂದೆ.

ತಮ್ಮ ನನ್ನನ್ನೇ ನೋಡಿದ. “ಸರ್, ಇದು ಖಾಲಿ ಕುರ್ಚಿದು. ಅಣ್ಣ ಎಂಬತ್ತೊಂದ ಕೊಟ್ಟದ್ದು. ಅದರದ ಇನ್ನೊಂದ ಪ್ಲೇಟ ನನಗ ಮುಂಬಯ್ಯಾಗ ಸಿಕ್ತು. ನೀವ ಎರಡನೇ ಪರೀಕ್ಷಕರಲ್ಲ?”

ನಾನು ಚಹಾ ಕೆಳಗಿಟ್ಟೆ. ಅವನ ಪ್ಲೇಯರಿನ ವಾಯರು ಒಂದು ಕಬ್ಬಿಣದ ಡಬ್ಬಿಯಿಂದ ಹೊರಟಿತ್ತು. ಅದೇನೆಂದು ಕೇಳಿದೆ. ಸ್ಟೆಬಿಲೈಸರ್ ಎಂದ, ಕರೆಂಟು ಇಳಿದರೆ ದೀಪ ಮಬ್ಬಾಗಿ ಫೋಟೋ ಕಪ್ಪಾಗುತ್ತವೆ, ಅದಕ್ಕೆ ಇಟ್ಟಿದ್ದೇನೆ ಎಂದ. ಆಗ ನನ್ನ ಕಣ್ಣ ಮುಂದೆ ಬಂದದ್ದು ಸರ್ ಪಡಸಾಲೆಯ ಕೆಂಪು ಬಲ್ಬು. ಓಣಿಯ ಮಗ್ಗಗಳೆಲ್ಲ ಕರೆಂಟು ಎಳೆದುಕೊಂಡು ಕೂತಾಗ, ನಮ್ಮ ಪ್ಲೇಯರಿನ ಮೋಟಾರಿಗೆ ಉಳಿಯುತ್ತಿದ್ದದ್ದು ಉಂಡೆಲೆಯ ಪಾಲು. ಪ್ಲೇಟು ತಿರುಗಲಾರದೆ ತಿರುಗಿ ತೆಳು ದನಿ ದಪ್ಪಗಾಗುತ್ತಿತ್ತು ಎಂದು ತಮ್ಮನಿಗೂ ಹೇಳಿದೆ. ನಾವು ಅದನ್ನೇ ಗಾಂಭೀರ್ಯ ಎಂದು ತಲೆದೂಗಿದ್ದೆವು. ಇಷ್ಟು ವರ್ಷ ನಾವು ಆ ಗಾಯಕನಿಗೆ ಮಾರ್ಕು ಹಾಕಿರಲೇ ಇಲ್ಲ. ವಿದ್ಯುತ್ ಮಂಡಳಿಗೆ ಹಾಕಿದ್ದೆವು.

ಹೇಳಬೇಕಾದದ್ದು ಒಬ್ಬ ಫಿಜಿಕ್ಸ್ ಸರ್‌ಗೆ. ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ವೋಲ್ಟೇಜು, ಕರೆಂಟು, ರೆಸಿಸ್ಟನ್ಸು ಎಂದು ಬರೆದು, ಸಂಜೆ ಕೆಂಪು ಬಲ್ಬಿನ ಕೆಳಗೆ ಕೂತು ಮೋಕ್ಷ ಕಂಡವರಿಗೆ. ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಬಾದಾಮ್ಯಾಗ ಕರೆಂಟ ಜಾಸ್ತಿ ಬರ್ತಿರಬೇಕು” ಎಂದರು.

“ಸರ್, ಡಬ್ಬಿ ಇಟ್ಟಾನ.”

“ಆ ಡಬ್ಬಿನ ಕೆಟ್ಟಿರಬೇಕು.”

“ಮತ್ತ ವಿಲಾಯತ್ಯಾಗ ಇದಕ್ಕ ಮಂದಿ ಕುಣೀತಾರಲ್ರಿ?”

“ವಿಲಾಯತಿ ಕರೆಂಟಿನ ಬಗ್ಗೆ ನಿಮಗೇನ ಗೊತ್ತೈತ್ರಿ? ನೀವು ಸಮಾಸ ಕಲಿಸ್ರಿ.”

ಆದರೆ ಆ ವಾರವೆಲ್ಲ ಅವರು ಕ್ಲಾಸಿನಲ್ಲಿ ತಪ್ಪು ಲೆಕ್ಕ ಬಿಡಿಸಿದರು. ಹುಡುಗರು ಭಯಪಟ್ಟು ಯಾರಿಗೂ ಹೇಳಲಿಲ್ಲ.

ನಮ್ಮೂರಿನಲ್ಲಿ ಅಮಾವಾಸ್ಯೆಯ ದಿನ ಮಗ್ಗ ಹೂಡುವುದಿಲ್ಲ. ಅವತ್ತು ಊರು ಕಿವಿಯಲ್ಲಿ ಅರಳೆ ಇಟ್ಟುಕೊಂಡಷ್ಟು ನಿಶ್ಶಬ್ದ. ಕರೆಂಟೂ ಹಬ್ಬದಷ್ಟು ಪ್ರಕಾಶ. ಆದರೆ ಪ್ರತಿ ಅಮಾವಾಸ್ಯೆ ಸರ್ ವೈನಿಯವರೊಂದಿಗೆ ಹುನಗುಂದದ ಗದ್ದುಗೆಗೆ ಕಾಯಿ ಒಡೆಸಲು ಹೋಗುವುದು ಮದುವೆಯಾದಾಗಿನಿಂದ ನಡೆದ ಪದ್ಧತಿ. ಹೀಗಾಗಿ ಆ ಪ್ಲೇಯರು ಸರಿಯಾದ ಕರೆಂಟು ಕಂಡಿರಲೇ ಇಲ್ಲ. ಊರಿನ ಮಗ್ಗ ನಿಂತ ದಿನ ಅದೂ ನಿಲ್ಲುತ್ತಿತ್ತು.

ಮುಂದಿನ ಅಮಾವಾಸ್ಯೆ ಭಾನುವಾರ ಬಂತು. ಮಧ್ಯಾಹ್ನ ಅವರ ಮನೆಯ ಮುಂದೆ ಹಾದುಹೋಗುತ್ತಿದ್ದೆ. ವೈನಿ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು, ಪಕ್ಕದಲ್ಲಿ ಕಾಯಿ ಕರ್ಪೂರದ ಚೀಲ.

“ಗದ್ದಗಿಗೆ ಬರೂದಿಲ್ಲ ಅಂದ್ರು” ಎಂದರು. “ಹೊರಗ ಕೂಡು ಅಂದ್ರು. ಒಳಗ ಯಾವನೋ ಹುಡುಗನ ಹಾಡ ಹಚ್ಕೊಂಡ ಕುಂತಾರ. ನೀವರ ನೋಡ್ರಿ.”

ಒಳಗೆ ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ಪ್ಲೇಟುಗಳೆಲ್ಲ ಹೊದಿಕೆ ಬಿಚ್ಚಿ ಜಮಖಾನದ ಮೇಲೆ ಹರಡಿದ್ದವು. ಗೋಲ್ಡ್ ಮೆಡಲ್ ಪಡೆದ ಖಾಲಿ ಕುರ್ಚಿ ತೆಳು ದನಿಯಲ್ಲಿ ಜಿಗಿದಾಡುತ್ತಿತ್ತು. ಥರ್ಡ್ ಕ್ಲಾಸಿನದು ಅದಕ್ಕಿಂತ ಚೆಂದ ಕೇಳುತ್ತಿತ್ತು. ಸರ್ ಗೋಡೆಗೆ ಒರಗಿ ಕೂತಿದ್ದರು. ನಾನು ಕೂತ ಮೇಲೆ ಪ್ಲೇಟಿನ ಮುಳ್ಳು ಎತ್ತಿದರು.

“ಆ ಛತ್ರಿದು ಹ್ಯಾಂಗಿರಬೇಕ್ರಿ ಹಂಗಾದ್ರ” ಎಂದರು. “ಅವ ಕೂಸ ಎತ್ಕೊಂಡ ಕುಣೀತೇನಿ ಅಂತ ಬರದಿದ್ದ. ಅದಕ್ಕ ನಾ ಹೆಣದ ಮೆರವಣಿಗಿ ಅಂತ ಬರದೆ. ಹಸಗೂಸಿನ ಮನಿಗೆ.” ಕಣ್ಣಲ್ಲಿ ನೀರಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ.

“ಹೋಗೂಣ್ರಿ ಸರ್” ಎಂದೆ.

ಅವರು ಸಾವರಿಸಿಕೊಂಡರು. ಬೆನ್ನು ನೆಟ್ಟಗಾಯಿತು. “ಹೋಗಬೇಕಾತು. ಮರುಮೌಲ್ಯಮಾಪನಕ್ಕ ಉತ್ತರಪತ್ರಿಕೆ ಬೇಕಲ್ಲ. ಅದು ಅವನ ಹತ್ತರ ಐತಿ.”

ನೋಡಿ, ಕ್ಷಮೆ ಕೇಳಲು ಅಲ್ಲ. ಪೇಪರು ನೋಡಲು.

ಮರುವಾರ ನಾವಿಬ್ಬರೂ ಬಾದಾಮಿಯ ಬಸ್ಸು ಹತ್ತಿದೆವು. ವೈನಿ ಟ್ರಂಕಿನಿಂದ ಕೌದಿ ತೆಗೆದುಕೊಟ್ಟಿದ್ದರು. ಅಮೀನಗಡದಲ್ಲಿ ಬಸ್ಸು ನಿಂತಾಗ ಸರ್ ಇಳಿದು ಕರದಂಟಿನ ಅಂಗಡಿಗೆ ಹೋದರು. ಎರಡು ಡಬ್ಬಿ ಕಟ್ಟಿಸಿದರು. “ಬಾಣಂತಿಗೆ ಕೊಡೂ ಪದ್ಧತಿ” ಎಂದರು. ಬಾಣಂತಿತನ ಮುಗಿದು ಕೂಸು ಸಾಲಿಗೆ ಹೋಗುತ್ತಿದೆ ಎಂದು ನೆನಪಿಸಿದೆ. ಕೇಳಿಸದವರ ಹಾಗೆ ದುಡ್ಡು ಎಣಿಸಿದರು. ಅಂಗಡಿಯವನು ರುಚಿಗೆಂದು ಒಂದು ತುಂಡು ಕೊಟ್ಟ. ತಿಂದರು. ಮಾರ್ಕು ಹೇಳಲಿಲ್ಲ. ಆಗ ನನಗೆ ನಿಜವಾಗಿ ಗಾಬರಿಯಾಯಿತು.

ತಮ್ಮ ಸ್ಟುಡಿಯೋದಲ್ಲಿ ಒಬ್ಬನೇ ಇದ್ದ. ಅಣ್ಣನನ್ನು ಕಂಡು ಎದ್ದು ನಿಂತ, ಆದರೆ ಮಾತಾಡಿಸಿದ್ದು ನನ್ನನ್ನು. “ಬರ್ರಿ ಸರ್, ಕೂಡ್ರಿ.” ಸರ್ ಕೂರಲಿಲ್ಲ. ಗೋಡೆಯ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳ ದೊಡ್ಡ ಫೋಟೋ ಇತ್ತು. ಹುನಗುಂದದ ಆ ತಾಯಿಯ ಮುಖವೇ. ಅದನ್ನು ನೋಡುತ್ತ ನಿಂತವರು, ಬೆನ್ನು ತಿರುಗಿಸಿಕೊಂಡೇ ಹೇಳಿದರು:

“ಸರ್, ಆ ಛತ್ರಿ ಪ್ಲೇಟ ಐತೇನಂತ ಕೇಳ್ರಿ.”

“ಐತಿ ಅಂತ ಹೇಳ್ರಿ” ಎಂದ ತಮ್ಮ.

“ಹಚ್ಚಾಕ ಹೇಳ್ರಿ.”

ನಾನು ಇಬ್ಬರ ನಡುವೆ ಟಪಾಲ ಪೆಟ್ಟಿಗೆಯ ಹಾಗೆ ಕೂತಿದ್ದೆ. ತಮ್ಮ ಕಪಾಟಿನಿಂದ ಪ್ಲೇಟು ತೆಗೆದ. ಹೊದಿಕೆಗೆ ವೃತ್ತಪತ್ರಿಕೆ ಸುತ್ತಿತ್ತು, ಹಿಂದೆ ವೈನಿ ಸುತ್ತುತ್ತಿದ್ದ ಹಾಗೆಯೇ. ಇದು ಕೋಡ್ ನಂಬರಿಗಲ್ಲ, ಕೆಂಪು ಶಾಯಿ ಮನೆಯವರ ಕಣ್ಣಿಗೆ ಬೀಳದಿರಲೆಂದು. ಮುಳ್ಳು ಇಟ್ಟ. ಹಾಡು ಒಮ್ಮೆಗೇ ಎದ್ದು ಕುಣಿಯತೊಡಗಿತು. ಬೆನ್ನು ನೋವಿರುವ ನಾನು ಕೂಡ ಕಾಲು ಅಲ್ಲಾಡಿಸಿದೆ. ಆ ಹಾಡಿಗೆ ಕೂಸನ್ನು ಎತ್ತಿಕೊಳ್ಳದೆ ಸುಮ್ಮನಿರುವುದೇ ಕಷ್ಟ.

ಸರ್ ತಿರುಗಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದರು, ಅದರ ಟೊಪ್ಪಿಗೆ ಬಿಚ್ಚಿದರು, ಮತ್ತೆ ಹಾಕಿದರು. ಬಾಯಿ ತೆರೆದರು. ತಪ್ಪಾಯಿತು ಎಂಬ ಒಂದು ಶಬ್ದ ಅಲ್ಲಿಯವರೆಗೆ ಬಂದು ನಿಂತಿತ್ತು. ಒಂದು ಮಾರ್ಕನ್ನೂ ತಿದ್ದದ ಮನುಷ್ಯ; ಆ ಶಬ್ದಕ್ಕೆ ಆ ಗಂಟಲಿನಲ್ಲಿ ದಾರಿಯೇ ಇರಲಿಲ್ಲ. ಅವರು ಹಾಗೇ ತಿರುಗಿ ಬಸ್ ಸ್ಟ್ಯಾಂಡಿಗೆ ಹೊರಟುಬಿಡುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಹೊರಟರೆ ಮುಗಿಯಿತು, ಮತ್ತೆ ಬರುವವರಲ್ಲ.

ತಮ್ಮ ಅಣ್ಣನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಬಗ್ಗಿ, ತಿರುಗುತ್ತಿದ್ದ ಪ್ಲೇಟಿನ ಅಂಚಿಗೆ ಬೆರಳು ಒತ್ತಿ ಹಿಡಿದ. ಹಾಡು ಎಳೆಯತೊಡಗಿತು. ಕುಂಟಿತು, ನರಳಿತು, ಹಗೇವಿನೊಳಕ್ಕೆ ಇಳಿಯಿತು. ನಮ್ಮ ಇಳಕಲ್ಲಿನ ಗಾಯಕ ಮರಳಿ ಬಂದ.

“ಸರ್, ನಮ್ಮಣ್ಣಗ ಹೇಳ್ರಿ” ಎಂದ ತಮ್ಮ, ಬೆರಳು ತೆಗೆಯದೆ. “ಅಲ್ಲಿ ಇದು ಹಿಂಗ ಕೇಳಿತ್ತಂದ್ರ ಮೂವತ್ನಾಕ ಕೊಟ್ಟದ್ದ ಭಾಳ ಆತು. ನಾ ಇದ್ರ ಇಪ್ಪತ್ತ ಕೊಡ್ತಿದ್ದೆ.”

ಸರ್ ಎರಡು ಹೆಜ್ಜೆ ಮುಂದೆ ಬಂದರು.

“ಕೈ ತಗಿಯೋ” ಎಂದರು. “ಪ್ಲೇಟಿಗೆ ಗೀರ ಬೀಳ್ತಾವ.”

ಇದನ್ನು ಅವನಿಗೆ ಹೇಳಿರಿ ಎಂದು ಅವರು ನನಗೆ ಹೇಳಲಿಲ್ಲ.